ನೆಲದಾಳದ ಸಸಿಮನೆ: ಕೂಡ್ಲಿಗಿ ಸೀಮೆಗೆ ಎಷ್ಟು ಆಳ, ಯಾವ ಹೊದಿಕೆ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ಭಾಗದ ರೈತರು ಈಚಿನ ದಿನಗಳಲ್ಲಿ ತರಬೇತಿಗಳಿಗೆ ಬಂದಾಗ ಒಂದು ಹೊಸ ಪ್ರಶ್ನೆಯನ್ನು ಕೇಳುತ್ತಿದ್ದಾರೆ. ನೆಲವನ್ನು ಆಳವಾಗಿ ತೋಡಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಒಳಗೆ ವರ್ಷವಿಡೀ ಬೆಳೆ ತೆಗೆಯುವ ಗುಂಡಿ ಹಸಿರುಮನೆಯನ್ನು ಮೊಬೈಲಿನಲ್ಲಿ ನೋಡಿದ್ದೇವೆ. ಅದು ನಮ್ಮ ಹೊಲಕ್ಕೂ ಆದೀತೇ ಎಂಬುದೇ ಆ ಪ್ರಶ್ನೆ. ಕಡಿಮೆ ಖರ್ಚಿನದು, ಕಬ್ಬಿಣದ ಕಂಬ ಬೇಡ, ಗಾಳಿಗೆ ಹಾರುವುದಿಲ್ಲ ಎಂಬ ಕಾರಣಗಳಿಂದ ಇದು ಆಕರ್ಷಕವಾಗಿ ಕಾಣುವುದು ಸಹಜ.

ಕೂಡ್ಲಿಗಿ ಕಡೆಯ ಯುವ ರೈತರೊಬ್ಬರು ಕೇಳುವುದಕ್ಕೂ ಕಾಯದೆ ತೋಡಿಯೇ ಬಿಟ್ಟಿದ್ದರು. ಆರು ಅಡಿ ಆಳ, ಮೇಲೆ ಬಿಳಿ ಪಾಲಿಥೀನ್ ಹಾಳೆ, ಒಳಗೆ ಒಂದು ಎಕರೆಗೆ ಸಾಕಾಗುವಷ್ಟು ಟೊಮೆಟೊ ಸಸಿ. ಏಪ್ರಿಲ್ ತಿಂಗಳಿನ ಒಂದು ದಿನ ಮದುವೆಗೆಂದು ಊರಿಗೆ ಹೋಗಿ ಸಂಜೆ ಬಂದು ನೋಡಿದರೆ ಸಸಿಗಳೆಲ್ಲ ಕುದಿನೀರು ಸುರಿದಂತೆ ಬೆಂದಿದ್ದವು. "ನೆಲದಾಗ ತಂಪು ಇರ್ತೈತಿ ಅಂದಿದ್ರಲ್ರೀ ಸಾರ್, ಹಗೇವಿನಾಗ ಜೋಳ ಕೆಡ್ತಿರಲಿಲ್ಲ, ಸಸಿ ಯಾಕ ಸುಟ್ಟುವು?" ಎಂದು ಅವರು ಕೇಳಿದರು. ಪ್ರಶ್ನೆ ಬಹಳ ಸರಿಯಾದದ್ದು. ಅದಕ್ಕೆ ಉತ್ತರ ತಿಳಿದರೆ ಗುಂಡಿಯನ್ನು ಎಲ್ಲಿ ತೋಡಬೇಕು, ಎಷ್ಟು ತೋಡಬೇಕು, ಎಲ್ಲಿ ತೋಡಬಾರದು ಎಂಬುದೆಲ್ಲ ತಾನಾಗಿಯೇ ತಿಳಿಯುತ್ತದೆ.

ಹಗೇವು ಏಕೆ ತಂಪು?

ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿ ವರ್ಷಗಟ್ಟಲೆ ಇಡುತ್ತಿದ್ದರು. ನೆಲದ ಮೇಲ್ಮೈ ಬೇಸಿಗೆಯ ಮಧ್ಯಾಹ್ನ ಕಾಲಿಡಲಾರದಷ್ಟು ಸುಡುತ್ತದೆ. ಆದರೆ ಮಣ್ಣು ಶಾಖವನ್ನು ಬಹಳ ನಿಧಾನವಾಗಿ ಕೆಳಕ್ಕೆ ಸಾಗಿಸುತ್ತದೆ. ಒಂದು ಅಡಿ ಆಳದಲ್ಲಿ ಹಗಲು-ರಾತ್ರಿಗಳ ನಡುವಣ ಉಷ್ಣತೆಯ ಏರಿಳಿತ ಎರಡು-ಮೂರು ಡಿಗ್ರಿಗಳಷ್ಟೇ. ಮೂರು ಅಡಿ ಆಳಕ್ಕೆ ಹೋದರೆ ಹಗಲು ಯಾವುದು ರಾತ್ರಿ ಯಾವುದು ಎಂದು ಮಣ್ಣಿಗೆ ಗೊತ್ತಾಗುವುದೇ ಇಲ್ಲ. ಬೇಸಿಗೆ-ಚಳಿಗಾಲಗಳ ವ್ಯತ್ಯಾಸ ಮಾತ್ರ ಉಳಿದಿರುತ್ತದೆ. ಹಗೇವಿನ ತಂಪಿಗೆ ಕಾರಣ ಇದು.

ಆದರೆ ಹಗೇವಿಗೂ ಸಸಿಗುಂಡಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಹಗೇವಿನ ಬಾಯಿ ಮಣ್ಣಿನಿಂದ ಮುಚ್ಚಿರುತ್ತದೆ. ಸಸಿಗುಂಡಿಯ ಬಾಯಿ ಬಿಸಿಲಿಗೆ ತೆರೆದಿರುತ್ತದೆ. ಗುಂಡಿ ತೋಡಿದ ಕೂಡಲೇ ಅದರ ತಳವೇ ಹೊಸ ಮೇಲ್ಮೈ ಆಗುತ್ತದೆ. ಅದರ ಮೇಲೆ ನೇರ ಬಿಸಿಲು ಬಿದ್ದರೆ ಅದೂ ಹೊಲದ ನೆಲದಂತೆಯೇ ಕಾಯುತ್ತದೆ. ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿದರಂತೂ ಬಿಸಿಲು ಒಳಗೆ ಹೋಗುತ್ತದೆ, ಶಾಖ ಹೊರಗೆ ಬರುವುದಿಲ್ಲ. ಹೊರಗೆ 40 ಡಿಗ್ರಿ ಇದ್ದರೆ ಮುಚ್ಚಿದ ಹಾಳೆಯ ಒಳಗೆ 50 ಡಿಗ್ರಿ ದಾಟುವುದು ಕಷ್ಟವೇನಲ್ಲ. ಟೊಮೆಟೊ ಸಸಿಗೆ 20ರಿಂದ 30 ಡಿಗ್ರಿ ಹಿತವಾದದ್ದು. ಆದ್ದರಿಂದ ನಮ್ಮ ಸೀಮೆಯಲ್ಲಿ ತಂಪನ್ನು ಕೊಡುವುದು ಗುಂಡಿಯಲ್ಲ, ನೆರಳು. ಗುಂಡಿ ಆ ನೆರಳಿನ ತಂಪನ್ನು ಮತ್ತು ತೇವವನ್ನು ಹಿಡಿದಿಡುತ್ತದೆ, ಅಷ್ಟೆ.

ಈ ಪದ್ಧತಿಯ ತವರು ಎಲ್ಲಿ?

ಗುಂಡಿ ಹಸಿರುಮನೆ ಹುಟ್ಟಿದ್ದು ಚಳಿ ನಾಡುಗಳಿಗಾಗಿ. ದಕ್ಷಿಣ ಅಮೆರಿಕದ ಬೊಲಿವಿಯ ದೇಶದ ಎತ್ತರದ ಬಯಲಿನಲ್ಲಿ ಇದನ್ನು 'ವಾಲಿಪಿನಿ' ಎನ್ನುತ್ತಾರೆ. ಅಲ್ಲಿ ಆರರಿಂದ ಎಂಟು ಅಡಿ ಆಳಕ್ಕೆ ತೋಡಿ, ಸೂರ್ಯನತ್ತ ಓರೆಯಾಗಿ ಪ್ಲಾಸ್ಟಿಕ್ ಮಾಡು ಹೊದಿಸುತ್ತಾರೆ. ನಮ್ಮ ದೇಶದಲ್ಲಿಯೇ ಲಡಾಖಿನ ಲೇಹ್‌ನಲ್ಲಿ, ಸುಮಾರು 11,500 ಅಡಿ ಎತ್ತರದ ಪ್ರದೇಶದಲ್ಲಿ, ರಕ್ಷಣಾ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯವು ಕಂದಕದ ಹಸಿರುಮನೆಗಳನ್ನು ಪ್ರಚಾರಕ್ಕೆ ತಂದಿದೆ. ಸುಮಾರು ಮೂರು ಅಡಿ ಆಳದ ಕಂದಕಕ್ಕೆ ಪಾಲಿಥೀನ್ ಹಾಳೆ ಹೊದಿಸಿ, ಚಳಿಗಾಲದಲ್ಲಿ ಅದರೊಳಗೆ ಸೊಪ್ಪು ತರಕಾರಿ ಬೆಳೆಯುತ್ತಾರೆ. ಲೇಹ್‌ನಲ್ಲಿ ಚಳಿಗಾಲದ ರಾತ್ರಿ ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಕೆಳಕ್ಕೂ ಇಳಿಯುವುದುಂಟು. ಅಲ್ಲಿ ಹಗಲಿನ ಶಾಖವನ್ನು ನೆಲದಲ್ಲಿ ಕೂಡಿಟ್ಟು ರಾತ್ರಿ ಬಳಸಿಕೊಳ್ಳುವುದು ಜಾಣತನ.

ನಮ್ಮಲ್ಲಿ ಡಿಸೆಂಬರ್‌ನ ಚಳಿಯೂ ಟೊಮೆಟೊ ಸಸಿಯನ್ನು ಕೊಲ್ಲುವಂಥದ್ದಲ್ಲ. ನಮ್ಮ ಶತ್ರುಗಳು ಬೇರೆ: ಮಾರ್ಚಿಯಿಂದ ಮೇವರೆಗಿನ ಉರಿಬಿಸಿಲು, ತೇವ ಹೀರುವ ಒಣಗಾಳಿ, ಮತ್ತು ವರ್ಷಕ್ಕೆ ಐದಾರುನೂರು ಮಿಲಿಮೀಟರ್ ಆಸುಪಾಸಿನ ಮಳೆಯನ್ನು ನಂಬಿದ ಕೊಳವೆಬಾವಿ. ರೋಗ ಚಳಿಯದಲ್ಲದಿರುವಾಗ ಚಳಿಯ ಔಷಧ ತರಬಾರದು. ಆಳವಾದ, ಪ್ಲಾಸ್ಟಿಕ್ ಹೊದಿಸಿದ ಗುಂಡಿ ನಮಗೆ ಬೇಡ. ಆಳವಿಲ್ಲದ, ನೆರಳು ಪರದೆ ಹೊದಿಸಿದ ಅರೆತಗ್ಗು ಸಸಿಮನೆ ಒಂದು ನಿರ್ದಿಷ್ಟ ಕೆಲಸಕ್ಕೆ ಉಪಯುಕ್ತವಾದದ್ದು. ಆ ಕೆಲಸ ಯಾವುದೆಂದರೆ, ಮುಂಗಾರಿನ ನಾಟಿಗೆ ಬೇಕಾದ ಮೆಣಸಿನಕಾಯಿ ಮತ್ತು ಟೊಮೆಟೊ ಸಸಿಗಳನ್ನು ಏಪ್ರಿಲ್ ಕೊನೆ ಹಾಗೂ ಮೇ ತಿಂಗಳಲ್ಲಿ, ಅಂದರೆ ಬಿಸಿಲು ಅತಿ ಹೆಚ್ಚಾಗಿರುವಾಗ, ಸ್ವಲ್ಪ ನೀರಿನಲ್ಲಿ ಸ್ವಂತ ಹೊಲದಲ್ಲಿಯೇ ಬೆಳೆಸಿಕೊಳ್ಳುವುದು.

ಆಳವನ್ನು ನಿರ್ಧರಿಸುವ ಲೆಕ್ಕ

ಗುಂಡಿ ಆಳವಾದಷ್ಟೂ ಅದರ ದಕ್ಷಿಣದ ಗೋಡೆ ತಳದ ಮೇಲೆ ಹೆಚ್ಚು ನೆರಳು ಚೆಲ್ಲುತ್ತದೆ. ಕೂಡ್ಲಿಗಿ ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನದಲ್ಲಿಯೂ ಸೂರ್ಯ ದಕ್ಷಿಣ ದಿಗಂತದಿಂದ ಸುಮಾರು 52 ಡಿಗ್ರಿ ಎತ್ತರದಲ್ಲಿ ಮಾತ್ರ ಇರುತ್ತಾನೆ. ಆಗ ಒಂದು ಅಡಿ ಎತ್ತರದ ಗೋಡೆಯ ನೆರಳು ಮುಕ್ಕಾಲು ಅಡಿಗಿಂತ ತುಸು ಹೆಚ್ಚು ಬೀಳುತ್ತದೆ. ಆರು ಅಡಿ ಆಳದ ನೇರ ಗೋಡೆಯಾದರೆ ಮಧ್ಯಾಹ್ನವೂ ಸುಮಾರು ನಾಲ್ಕೂಮುಕ್ಕಾಲು ಅಡಿ ತಳ ನೆರಳಿನಲ್ಲಿಯೇ ಉಳಿಯುತ್ತದೆ. ಬೆಳಿಗ್ಗೆ, ಸಂಜೆ ಇನ್ನೂ ಹೆಚ್ಚು. ಅಂಥ ಕಡೆ ಸಸಿ ಬೆಳಕಿಗಾಗಿ ಎಳೆದು ಎಳೆದು ಉದ್ದವಾಗಿ, ಕಾಂಡ ತೆಳ್ಳಗಾಗಿ, ನಾಟಿ ಮಾಡಿದ ದಿನವೇ ಬಾಗುತ್ತದೆ.

ಏಪ್ರಿಲ್ ಕೊನೆ-ಮೇ ಮೊದಲ ದಿನಗಳಲ್ಲಿ ಇದಕ್ಕೆ ಪೂರ್ತಿ ವಿರುದ್ಧ. ಆಗ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಇರುತ್ತಾನೆ. ಗೋಡೆ ಎಷ್ಟು ಎತ್ತರವಿದ್ದರೂ ನೆರಳು ಸೊನ್ನೆ. ಅಂದರೆ ಆಳವಾದ ಗುಂಡಿಯು ಬೆಳಕು ಬೇಕಾದಾಗ ನೆರಳನ್ನೂ, ನೆರಳು ಬೇಕಾದಾಗ ಬಿಸಿಲನ್ನೂ ಕೊಡುತ್ತದೆ. ಈ ಎಲ್ಲವನ್ನೂ ನೋಡಿದರೆ ಒಂದೂವರೆ ಅಡಿ ಆಳ ಸಾಕು. ಬಿಸಿಗಾಳಿಯನ್ನು ತಡೆಯಲು, ತಳದ ತೇವ ಆರದಂತೆ ನೋಡಿಕೊಳ್ಳಲು ಅಷ್ಟೇ ಬೇಕಾಗಿರುವುದು.

ಸ್ಥಳದ ಆಯ್ಕೆ

ನೀರು ಬಸಿದು ಹೋಗುವ ಕೆಂಪು ಮರಳುಮಿಶ್ರಿತ ಭೂಮಿ ಇದಕ್ಕೆ ಯೋಗ್ಯ. ಎರೆಭೂಮಿಯಲ್ಲಿ ಇದನ್ನು ಮಾಡಲೇಬಾರದು. ಕಾರಣ ಸರಳ. ಮುಂದೆ ಹೇಳಿರುವ ಅಳತೆಯ ಒಂದು ಗುಂಡಿಯ ಬಾಯಿ 26 ಅಡಿ ಉದ್ದ, 7 ಅಡಿ ಅಗಲ. ಅದರ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ, ಹೊರಗಿನಿಂದ ಒಂದು ಹನಿಯೂ ಬಾರದಿದ್ದರೂ, ಸುಮಾರು 850 ಲೀಟರು ನೀರು ಗುಂಡಿಯೊಳಗೆ ಸೇರುತ್ತದೆ. ಕೆಂಪು ಮಣ್ಣು ಅದನ್ನು ಕುಡಿದುಬಿಡುತ್ತದೆ. ಎರೆಮಣ್ಣಿನಲ್ಲಿ ನೀರು ನಿಂತು ಸಸಿ ಕೊಳೆಯುತ್ತದೆ. ತೋಡುವ ಮೊದಲು ಒಂದು ಅಡಿ ಉದ್ದಗಲದ, ಎರಡು ಅಡಿ ಆಳದ ಸಣ್ಣ ಕುಳಿ ತೆಗೆದು ಎರಡು ಕೊಡ ನೀರು ಹೊಯ್ಯಿರಿ. ಮರುದಿನ ಬೆಳಿಗ್ಗೆ ನೀರು ಇನ್ನೂ ನಿಂತಿದ್ದರೆ ಆ ಸ್ಥಳವನ್ನು ಬಿಟ್ಟುಬಿಡಿ.

ಹಳ್ಳದ ಪಕ್ಕ, ಹೊಲದ ತಗ್ಗು ಮೂಲೆ, ದೊಡ್ಡ ಹುಣಿಸೆ ಅಥವಾ ಬೇವಿನ ಮರದ ಬುಡ ಇವು ಮೂರೂ ಬೇಡ. ಮನೆಗೆ ಅಥವಾ ಬಾವಿಗೆ ಹತ್ತಿರ, ದಿನಕ್ಕೆರಡು ಸಲ ಕಣ್ಣು ಬೀಳುವ ಜಾಗವಾಗಿರಬೇಕು.

ಒಂದು ಎಕರೆಗೆ ಬೇಕಾಗುವ ಅಳತೆ

ಟೊಮೆಟೊವನ್ನು ಸಾಲಿನಿಂದ ಸಾಲಿಗೆ 90 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 45 ಸೆಂಟಿಮೀಟರ್ ಅಂತರದಲ್ಲಿ ನಾಟಿ ಮಾಡಿದರೆ ಎಕರೆಗೆ ಸುಮಾರು 10,000 ಸಸಿ ಬೇಕು. ನೂರಕ್ಕೆ ಹತ್ತರಷ್ಟು ಹೆಚ್ಚುವರಿ ಸೇರಿಸಿ 11,000 ಎಂದಿಟ್ಟುಕೊಳ್ಳೋಣ. 98 ಕುಳಿಗಳ ಪ್ರೋಟ್ರೇಗಳಾದರೆ 112 ಬೇಕಾಗುತ್ತವೆ. ಇವನ್ನು ಇಡಲು ತಲಾ 26 ಅಡಿ ಉದ್ದದ ಎರಡು ಗುಂಡಿಗಳು ಸಾಕು. ಅವುಗಳ ಅಳತೆ ಹೀಗಿರಬೇಕು:

1. ಆಳ ಒಂದೂವರೆ ಅಡಿ. ತಳದ ಅಗಲ ಐದೂವರೆ ಅಡಿ. ನಡುವೆ ಒಂದೂವರೆ ಅಡಿ ಕಾಲುದಾರಿ, ಎರಡೂ ಬದಿಗೆ ಎರಡೆರಡು ಅಡಿ ಟ್ರೇಗಳ ಸಾಲು.

2. ಗೋಡೆಗಳು ನೇರವಾಗಿರದೆ ಹೊರಕ್ಕೆ ಓರೆಯಾಗಿರಬೇಕು. ಬಾಯಿಯ ಅಗಲ ಏಳು ಅಡಿ ಬರುತ್ತದೆ. ನೇರ ಗೋಡೆ ಮೊದಲ ಮಳೆಗೇ ಕುಸಿಯುತ್ತದೆ.

3. ಉದ್ದವು ಪೂರ್ವ-ಪಶ್ಚಿಮವಾಗಿರಲಿ. ಒಂದು ತುದಿಯಲ್ಲಿ ಇಳಿಯಲು ಎರಡು ಮೆಟ್ಟಿಲು, ಇನ್ನೊಂದು ತುದಿಯಲ್ಲಿ ಎರಡು ಅಡಿ ಉದ್ದಗಲ, ಎರಡು ಅಡಿ ಆಳದ ಇಂಗುಗುಂಡಿ ತೆಗೆದು ದಪ್ಪ ಜಲ್ಲಿ ತುಂಬಬೇಕು. ತಳವು ಇಂಗುಗುಂಡಿಯ ಕಡೆಗೆ ಸ್ವಲ್ಪ ಇಳಿಜಾರಾಗಿರಬೇಕು.

4. ತೆಗೆದ ಮಣ್ಣನ್ನು ಬಾಯಿಯಿಂದ ಒಂದು ಅಡಿ ಬಿಟ್ಟು ಸುತ್ತಲೂ ಬದುವಾಗಿ ಹಾಕಿ ಗಟ್ಟಿಯಾಗಿ ಬಡಿಯಬೇಕು. ಹೊಲದ ನೀರು ಒಳಗೆ ನುಗ್ಗದಂತೆ ಇದು ಕಾಯುತ್ತದೆ.

5. ತಳಕ್ಕೆ ಎರಡು ಅಂಗುಲ ಮರಳು ಹರಡಿ, ಇಟ್ಟಿಗೆ ಅಥವಾ ಬಿದಿರಿನ ಗಳುಗಳ ಮೇಲೆ ಟ್ರೇಗಳನ್ನು ಇಡಬೇಕು. ಟ್ರೇ ನೇರವಾಗಿ ಮಣ್ಣಿಗೆ ತಾಕಿದರೆ ಬೇರು ಕೆಳಕ್ಕೆ ಇಳಿದು, ಕೀಳುವಾಗ ಹರಿಯುತ್ತದೆ.

ಒಂದು ಗುಂಡಿಯಿಂದ ಸುಮಾರು ಏಳು ಘನ ಮೀಟರ್ ಮಣ್ಣು ಹೊರಬರುತ್ತದೆ. ಮೆತ್ತನೆಯ ನೆಲವಾದರೆ ಮನೆಯವರೇ ನಾಲ್ಕೈದು ದಿನಗಳಲ್ಲಿ ತೋಡಿಕೊಳ್ಳಬಹುದು. ಕೆಳಗೆ ಗರಸು ಸಿಕ್ಕರೆ ಆಳವನ್ನು ಒಂದು ಅಡಿಗೆ ನಿಲ್ಲಿಸಿ ಬದುವನ್ನು ಎತ್ತರಿಸಿರಿ. ಫಲ ಹೆಚ್ಚುಕಡಿಮೆ ಒಂದೇ.

ಹೊದಿಕೆ

ಬಾಯಿಗೆ ಅಡ್ಡಲಾಗಿ ಬಿದಿರಿನ ದಬ್ಬೆಗಳನ್ನು ಕಮಾನಿನಂತೆ ಬಾಗಿಸಿ, ಮೂರು ಅಡಿಗೊಂದರಂತೆ ನೆಡಬೇಕು. ಕಮಾನಿನ ನಡು ನೆಲದಿಂದ ನಾಲ್ಕೂವರೆ ಅಡಿ ಎತ್ತರವಿದ್ದರೆ ಕಾಲುದಾರಿಯಲ್ಲಿ ನೆಟ್ಟಗೆ ನಿಂತು ಕೆಲಸ ಮಾಡಬಹುದು. ಕಮಾನಿನ ಮೇಲೆ ಮೊದಲು 40-50 ಮೆಶ್‌ನ ಕೀಟನಿರೋಧಕ ಬಿಳಿ ಪರದೆ, ಅದರ ಮೇಲೆ ಶೇಕಡಾ 50ರ ನೆರಳು ಪರದೆ ಬರಬೇಕು. ಮೊದಲನೆಯದು ಬಿಳಿನೊಣವನ್ನು ತಡೆಯುತ್ತದೆ. ಟೊಮೆಟೊದ ಎಲೆಮುಟುರು ರೋಗದ ನಂಜನ್ನು ಹೊತ್ತು ತರುವುದು ಈ ನೊಣವೇ. ಸಸಿಮಡಿಯಲ್ಲಿ ನಂಜು ತಗುಲಿದ ಸಸಿ ಹೊಲದಲ್ಲಿ ಎಷ್ಟು ಗೊಬ್ಬರ ಹಾಕಿದರೂ ಫಲ ಕೊಡುವುದಿಲ್ಲ. ಆದ್ದರಿಂದ ಖರ್ಚು ಉಳಿಸಬೇಕೆಂದರೆ ಬೇರೆ ಕಡೆ ಉಳಿಸಿರಿ, ಈ ಪರದೆಯಲ್ಲಿ ಬೇಡ.

ನೆರಳು ಪರದೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಮಾತ್ರ ಮೇಲಿರಲಿ. ಉಳಿದ ಹೊತ್ತು ಸುತ್ತಿ ಬದಿಗಿಡಿ. ಪಾಲಿಥೀನ್ ಹಾಳೆಯನ್ನು ಕೈಗೆಟಕುವಂತೆ ಮಡಿಸಿ ಇಟ್ಟುಕೊಳ್ಳಿ. ಭರಣಿ, ಕೃತ್ತಿಕೆ, ರೋಹಿಣಿಗಳಲ್ಲಿ ಸಿಡಿಲು-ಗಾಳಿಯೊಂದಿಗೆ ಮಳೆ ಬಂದಾಗ ಹೊದಿಸಿ, ನಿಂತ ಕೂಡಲೇ ತೆಗೆಯಬೇಕು. ಬಿಸಿಲಿನಲ್ಲಿ ಹಾಳೆ ಮರೆತರೆ ಏನಾಗುತ್ತದೆಂಬುದನ್ನು ಮೇಲೆ ಹೇಳಿಯಾಗಿದೆ.

ಸಸಿಗಳ ಆರೈಕೆ

ಒಂದು ಟ್ರೇಗೆ ಸುಮಾರು 1.2 ಕಿಲೋ ಹದಗೊಳಿಸಿದ ತೆಂಗಿನ ನಾರಿನ ಪುಡಿ ಬೇಕಾಗುತ್ತದೆ. ಇದಕ್ಕೆ ಟ್ರೈಕೋಡರ್ಮ ಬೆರೆಸಿದರೆ ಸಸಿಕೊಳೆ ರೋಗದಿಂದ ರಕ್ಷಣೆ ದೊರೆಯುತ್ತದೆ. ಕುಳಿಗೊಂದರಂತೆ ಬೀಜ ಹಾಕಿ, ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ, ನೆರಳಿನಲ್ಲಿ ಹಾಳೆ ಸುತ್ತಿಡಬೇಕು. ಟೊಮೆಟೊ ಮೂರು-ನಾಲ್ಕು ದಿನಗಳಲ್ಲಿ, ಮೆಣಸಿನಕಾಯಿ ಸುಮಾರು ಒಂದು ವಾರದಲ್ಲಿ ಮೊಳೆಯುತ್ತದೆ. ಮೊಳಕೆ ಕಂಡ ದಿನವೇ ಗುಂಡಿಯಲ್ಲಿ ಹರಡಬೇಕು. ಒಂದು ದಿನ ತಡವಾದರೂ ಸಸಿ ಬೆಳ್ಳಗೆ ಎಳೆಯುತ್ತದೆ.

ಮೇ ತಿಂಗಳಲ್ಲಿ 112 ಟ್ರೇಗಳಿಗೆ ದಿನಕ್ಕೆ ಸುಮಾರು 100 ಲೀಟರು ನೀರು ಹಿಡಿಯುತ್ತದೆ. ಇದನ್ನು ಬೆಳಿಗ್ಗೆ ಮತ್ತು ಮಧ್ಯಾಹ್ನ ಎರಡು ಸಲವಾಗಿ ರೋಜುಕ್ಯಾನಿನಿಂದ ಕೊಡಬೇಕು. ಸಂಜೆ ನೀರು ಹಾಕಬಾರದು. ತಗ್ಗಿನಲ್ಲಿ ಗಾಳಿಯಾಟ ಕಡಿಮೆ. ರಾತ್ರಿಯಿಡೀ ಎಲೆ ಒದ್ದೆಯಾಗಿದ್ದರೆ ಸಸಿಗಳು ಬುಡದಲ್ಲಿ ಮೆತ್ತಗಾಗಿ ಗುಂಪುಗುಂಪಾಗಿ ಬೀಳುತ್ತವೆ. ಇದು ಕಂಡರೆ ಬಿದ್ದ ಸಸಿಗಳ ಟ್ರೇಯನ್ನು ಹೊರಗಿಟ್ಟು, ಉಳಿದವಕ್ಕೆ ಲೀಟರ್ ನೀರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಬೆರೆಸಿ ಬುಡಕ್ಕೆ ಸುರಿಯಬೇಕು. ಟ್ರೈಕೋಡರ್ಮ ಹಾಕಿದ ದಿನಗಳಲ್ಲೇ ತಾಮ್ರ ಹಾಕಿದರೆ ಅದು ಸಾಯುತ್ತದೆ ಎಂಬುದೂ ನೆನಪಿರಲಿ. ಮಧ್ಯಾಹ್ನ ಗಾಳಿ ಬೆಂಕಿಯಂತೆ ಬೀಸುವಾಗ ಕಾಲುದಾರಿಯ ಮರಳಿಗೆ ನೀರು ಚಿಮುಕಿಸಿ, ಎರಡೂ ತುದಿಗಳಲ್ಲಿ ಪರದೆಯ ಹೊರಗೆ ಒದ್ದೆ ಗೋಣಿತಾಟು ಕಟ್ಟಿದರೆ ಒಳಗೆ ತಂಪು ಕೂಡುತ್ತದೆ.

ನಾಟಿಗೆ ಐದಾರು ದಿನ ಮೊದಲು ನೆರಳು ಪರದೆಯನ್ನು ಪೂರ್ತಿ ತೆಗೆದು, ನೀರನ್ನು ಕಡಿಮೆ ಮಾಡಿ ಸಸಿಗಳನ್ನು ಗಟ್ಟಿಗೊಳಿಸಬೇಕು. ಗುಂಡಿಯ ತಂಪಿನಲ್ಲಿ ಬೆಳೆದ ಸಸಿಗೆ ಇದು ಹೊರಗಿನ ಸಸಿಗಿಂತಲೂ ಹೆಚ್ಚು ಅವಶ್ಯಕ. ಟೊಮೆಟೊ 21ರಿಂದ 25 ದಿನಗಳಿಗೆ, ಮೆಣಸಿನಕಾಯಿ 35ರಿಂದ 40 ದಿನಗಳಿಗೆ ನಾಟಿಗೆ ಸಿದ್ಧವಾಗುತ್ತದೆ. ಮೃಗಶಿರ ಮಳೆ ಹಿಡಿದುಕೊಂಡ ಮೇಲೆ ಗುಂಡಿಯನ್ನು ಬಳಸಬಾರದು. ಆಗ ಏರುಮಡಿಯೇ ಸರಿ. ಬೇಸಿಗೆಗೆ ತಗ್ಗು, ಮಳೆಗಾಲಕ್ಕೆ ದಿಬ್ಬ ಎಂಬುದು ಸಸಿಮಡಿಯ ನಿಯಮ.

ತಗ್ಗಿನಲ್ಲಿ ಹಾವು, ಚೇಳು ಸೇರುವುದುಂಟು. ಇಳಿಯುವ ಮುನ್ನ ಕೋಲಿನಿಂದ ಟ್ರೇಗಳ ಅಡಿ ತಟ್ಟಿ ನೋಡಬೇಕು. ಮಕ್ಕಳು, ದನಕರು ಬೀಳದಂತೆ ಸುತ್ತ ಮುಳ್ಳಿನ ಬೇಲಿ ಇರಲಿ.

ಇನ್ನೊಂದು ಪ್ರಶ್ನೆ

ತರಬೇತಿ ಮುಗಿದ ಮೇಲೆ, ಎಲ್ಲರೂ ಊಟಕ್ಕೆ ಎದ್ದಾಗ, ಹತ್ತಿರ ಬಂದು ಮೆಲ್ಲಗೆ ಕೇಳುವ ಪ್ರಶ್ನೆಯೊಂದಿದೆ. "ಸಾರ್, ಆ ವಿಡಿಯೋದಾಗ ಗುಂಡಿಯೊಳಗ ಭಂಗಿ ಗಿಡಾನೂ ಬೆಳೀತಾರಲ್ರೀ. ಹೊರದೇಶದಾಗ ಅದಕ್ಕ ಭಾಳ ರೊಕ್ಕ ಅಂತ. ನಮಗೂ ಒಂದು ದಾರಿ ಆದೀತೇನ್ರೀ?" ಮೂರು ವರ್ಷ ಮಳೆ ಕೈಕೊಟ್ಟ ರೈತ ಹೀಗೆ ಕೇಳಿದರೆ ಅವರನ್ನು ಗದರಿಸುವುದು ತರವಲ್ಲ. ಉತ್ತರವನ್ನು ಮಾತ್ರ ಸ್ಪಷ್ಟವಾಗಿ ಹೇಳಬೇಕು.

ಕೆಲವು ಹೊರದೇಶಗಳಲ್ಲಿ ಪರವಾನಗಿಯ ಮೇಲೆ ಅದನ್ನು ಬೆಳೆಯುವುದು ನಿಜ. ನಮ್ಮ ದೇಶದಲ್ಲಿಯೂ ಉತ್ತರಾಖಂಡದಂಥ ಕಡೆ ಅಮಲಿನ ಅಂಶ ತೀರ ಕಡಿಮೆಯಿರುವ ತಳಿಯನ್ನು ನಾರು-ಬೀಜಗಳಿಗಾಗಿ ಸರ್ಕಾರದ ಪರವಾನಗಿಯೊಂದಿಗೆ ಬೆಳೆಯಲು ಅವಕಾಶ ಕೊಟ್ಟಿದ್ದಾರೆ. ಆದರೆ ಪರವಾನಗಿಯಿಲ್ಲದೆ ಗಾಂಜಾ ಗಿಡ ಬೆಳೆಯುವುದು 1985ರ ಮಾದಕ ದ್ರವ್ಯಗಳ ಕಾಯಿದೆಯ ಪ್ರಕಾರ ಅಪರಾಧ. ಅದರ 20ನೆಯ ಕಲಮಿನಂತೆ ಹತ್ತು ವರ್ಷಗಳವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಮೆಕ್ಕೆಜೋಳದ ನಡುವೆ ಬೆಳೆದರೂ, ಗುಂಡಿಯಲ್ಲಿ ಬೆಳೆದರೂ, ಒಂದೇ ಗಿಡವಾದರೂ ಅಪರಾಧವೇ.

ರೈತರು ಹೆಚ್ಚಾಗಿ ತಿಳಿಯದ ಇನ್ನೊಂದು ಕಲಮಿದೆ. ಅದು 46ನೆಯದು. ತನ್ನ ಜಮೀನಿನಲ್ಲಿ ಯಾರಾದರೂ ಅಕ್ರಮವಾಗಿ ಗಾಂಜಾ ಬೆಳೆದಿದ್ದರೆ ಭೂಮಿಯ ಒಡೆಯ ಕೂಡಲೇ ಪೊಲೀಸರಿಗೆ ಅಥವಾ ಸಂಬಂಧಿಸಿದ ಇಲಾಖೆಯವರಿಗೆ ತಿಳಿಸಬೇಕು. ಗೊತ್ತಿದ್ದೂ ತಿಳಿಸದಿದ್ದರೆ ಅವನಿಗೂ ಶಿಕ್ಷೆಯುಂಟು. ಹೊಲವನ್ನು ಕೋರಿಗೆ ಅಥವಾ ಗುತ್ತಿಗೆಗೆ ಕೊಟ್ಟು ದುಡಿಯಲು ಊರು ಬಿಟ್ಟು ಹೋಗುವವರು ಇದನ್ನು ಅಗತ್ಯವಾಗಿ ಗಮನದಲ್ಲಿಟ್ಟುಕೊಳ್ಳಬೇಕು. ಬೆಳೆಯಿಸುವ ದಲ್ಲಾಳಿ ಸಿಕ್ಕಿಬೀಳದೆ ಹೋಗಬಹುದು. ಪಹಣಿಯಲ್ಲಿ ಹೆಸರಿರುವವರು ತಪ್ಪಿಸಿಕೊಳ್ಳಲಾರರು.

ನಮ್ಮ ಪುಂಡಿ ಗಿಡದ ಎಲೆ ಗಾಂಜಾ ಎಲೆಯಂತೆಯೇ ಬೆರಳು ಬೆರಳಾಗಿ ಸೀಳಿರುವುದರಿಂದ ಕೆಲವರು ಅದಕ್ಕೂ ಅಂಜುತ್ತಾರೆ. ಸಸ್ಯಶಾಸ್ತ್ರಜ್ಞರೂ ಈ ಹೋಲಿಕೆಯನ್ನು ಕಂಡೇ ಪುಂಡಿಯ ಒಂದು ಜಾತಿಗೆ 'ಹಿಬಿಸ್ಕಸ್ ಕ್ಯಾನಬಿನಸ್' ಎಂದು ಹೆಸರಿಟ್ಟಿದ್ದಾರೆ. ಪುಂಡಿ ದಾಸವಾಳದ ಕುಲದ್ದು. ಅದರ ಹೂವು ಅಗಲವಾಗಿ ದಾಸವಾಳದಂತೆ ಅರಳುತ್ತದೆ, ಸೊಪ್ಪು ಹುಳಿ. ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಸೆಣಬು ಹಳದಿ ಹೂ ಬಿಡುವ ದ್ವಿದಳ ಸಸ್ಯ. ಇವೆರಡನ್ನೂ ನಿಶ್ಚಿಂತೆಯಾಗಿ ಬೆಳೆಯಬಹುದು. ಹಗ್ಗಕ್ಕೆ ನಾರು, ಪಲ್ಯಕ್ಕೆ ಸೊಪ್ಪು, ಹೊಲಕ್ಕೆ ಗೊಬ್ಬರ ಇವುಗಳಿಂದಲೇ ದೊರೆಯುತ್ತವೆ.

ಕೊನೆಯದಾಗಿ

ಏಪ್ರಿಲ್‌ನಲ್ಲಿ ಸಸಿ ಕಳೆದುಕೊಂಡ ಆ ರೈತರು ತಮ್ಮ ಆರು ಅಡಿ ಗುಂಡಿಯನ್ನು ಮುಚ್ಚಲಿಲ್ಲ. ಅದು ಹೊಲದ ಇಳಿಜಾರಿನಲ್ಲಿದ್ದುದರಿಂದ ತಳಕ್ಕೆ ಹಾಳೆ ಹಾಸಿ ಸಣ್ಣ ಕೃಷಿಹೊಂಡ ಮಾಡಿಕೊಂಡರು. ಅದರ ಮೇಲ್ಬದಿಗೆ ಒಂದೂವರೆ ಅಡಿಯ ಅರೆತಗ್ಗು ತೋಡಿ, ಮರುವರ್ಷ ಮೇ ತಿಂಗಳಿನಲ್ಲಿ ಮೆಣಸಿನಕಾಯಿ ಸಸಿ ಬೆಳೆಸಿದರು. ಸಸಿ ಚೆನ್ನಾಗಿ ಬಂದವು. ಹೊರಗಿನಿಂದ ಸಸಿ ತರುವ ಖರ್ಚೂ, ಬಾಡಿಗೆ ಗಾಡಿಯಲ್ಲಿ ಬರುವಾಗ ಬಾಡುವ ನಷ್ಟವೂ ಅವರಿಗೆ ಉಳಿಯಿತು.

ಈ ಪದ್ಧತಿಯನ್ನು ಮಾಡಬಯಸುವ ರೈತ ಬಾಂಧವರು ಮೊದಲ ವರ್ಷ ಒಂದೇ ಗುಂಡಿಯನ್ನು, ಅದರಲ್ಲಿಯೂ ಅರ್ಧದಷ್ಟು ಟ್ರೇಗಳನ್ನು ಮಾತ್ರ ಇಟ್ಟು ನೋಡುವುದು ಒಳ್ಳೆಯದು. ನಿಮ್ಮ ಹೊಲದ ಮಣ್ಣು, ಗಾಳಿ, ಇಳಿಜಾರು ಹೇಗಿವೆ ಎಂಬುದು ಅಷ್ಟರಲ್ಲಿ ತಿಳಿಯುತ್ತದೆ. ಹೆಚ್ಚಿನ ವಿವರಗಳಿಗೆ ಹತ್ತಿರದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ಬರುವಾಗ ಗುಂಡಿ ತೋಡಬೇಕೆಂದಿರುವ ಜಾಗದ ಒಂದೆರಡು ಹಿಡಿ ಮಣ್ಣು ತರುವುದನ್ನು ಮರೆಯಬಾರದು.